ಬೆಟ್ಟ, ಮರಳುಗಾಡು, ಕಡಲು: ಶಮೀಮ್ ಜೊತೆ ಒಂದು ಹಗಲು

ಜನವರಿಯ ಕೊನೆಯ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಾವು ಕೋಲಾರ ಬಿಟ್ಟೆವು. ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಬಸ್ ಸ್ಟ್ಯಾಂಡಿನ ಎದುರು ಅವರೆಕಾಯಿ ಮೂಟೆ ಇಳಿಸುತ್ತಿದ್ದವರ ಮಾತು ಕೇಳಿಸುತ್ತಿತ್ತು, ಆಳು ಕಾಣುತ್ತಿರಲಿಲ್ಲ. ವ್ಯಾನಿನಲ್ಲಿ ಮೂರೇ ಜನ. ನಾನು, ಶಮೀಮ್, ಮತ್ತು ವ್ಯಾನು ಓಡಿಸುತ್ತಿದ್ದ ರವಣಪ್ಪ. ರವಣಪ್ಪನವರು ಶ್ರೀನಿವಾಸಪುರದವರು. ಮಾವಿನ ಕಾಲದಲ್ಲಿ ಅದೇ ವ್ಯಾನಿನಲ್ಲಿ ಹಣ್ಣಿನ ಕ್ರೇಟು ಸಾಗಿಸುತ್ತಾರೆ, ಉಳಿದ ತಿಂಗಳು ಬಾಡಿಗೆಗೆ ಬರುತ್ತಾರೆ. ಸೀಟಿನ ಬಟ್ಟೆಗೆ ವರ್ಷವಿಡೀ ಮಾವಿನ ಸೊನೆಯ ವಾಸನೆ.

ನಾನು ಭೂಗೋಳ ಕಲಿಸುವವಳು. ಮೊದಲು ಮಾಲೂರಿನಲ್ಲಿದ್ದೆ, ಈಗ ಹದಿಮೂರು ವರ್ಷದಿಂದ ಕೋಲಾರದ ಪ್ರೌಢಶಾಲೆಯಲ್ಲಿ. ಶಮೀಮ್ ನಮ್ಮ ಹಿಂದಿನ ಬೀದಿಯ ಟೈಲರು. ನಲವತ್ತೊಂದು ವರ್ಷ. ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಅವಳ ಮಿಷನ್ನು. ಕುಪ್ಪಸದ ಬೆನ್ನಿಗೆ ಜರಿ ಕಸೂತಿ ಹಾಕುವುದರಲ್ಲಿ ಊರಿಗೇ ಹೆಸರಾದವಳು. ಮೂರು ವರ್ಷದ ಹಿಂದೆ ಬೆಂಗಳೂರಿನ ಕಣ್ಣಾಸ್ಪತ್ರೆಯಲ್ಲಿ ಅವಳಿಗೆ, ಕಣ್ಣಿನ ಒಳಪರದೆ ನಿಧಾನವಾಗಿ ಸಾಯುತ್ತಿದೆ, ಇದಕ್ಕೆ ಔಷಧಿ ಇಲ್ಲ ಎಂದು ಹೇಳಿ ಕಳಿಸಿದ್ದರು. ಸಂಜೆ ಬೆಳಕು ಇಳಿದರೆ ಅವಳಿಗೆ ಏನೂ ಕಾಣುವುದಿಲ್ಲ. ಹಗಲು ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತದೆ. ಆ ಕೊಳವೆ ಸಣ್ಣದಾಗುತ್ತಾ ಬರುತ್ತಿದೆ.

ಡಿಸೆಂಬರಿನಲ್ಲಿ ಒಂದು ದಿನ ನನ್ನ ಕುಪ್ಪಸ ಕೊಡಲು ಬಂದವಳು ಬಾಗಿಲಲ್ಲೇ ನಿಂತು ಹೇಳಿದಳು. "ಅಕ್ಕ, ನೀವು ಭೂಗೋಳದ ಟೀಚರು. ನನಗೆ ಬೆಟ್ಟ, ಮರಳುಗಾಡು, ಸಮುದ್ರ ಮೂರೂ ತೋರಿಸಿ. ಬೆಳಿಗ್ಗೆ ಹೋಗಿ ಕತ್ತಲಾಗೋದ್ರೊಳಗೆ ವಾಪಸ್ ಬರೋ ಹಂಗಿರಬೇಕು."

ಅವಳ ಕತ್ತರಿಸುವ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತೆವು. ಟೈಲರ್ ಸೀಮೆಸುಣ್ಣದಲ್ಲಿ ನಾನು ದಾರಿ ಗುರುತು ಮಾಡಿದೆ. ಬೆಟ್ಟಕ್ಕೆ ಕೋಲಾರದವರು ಎಲ್ಲಿಗೂ ಹೋಗಬೇಕಾಗಿಲ್ಲ, ತಲೆಯೆತ್ತಿದರೆ ಸಾಕು. ಆದರೆ ಶಮೀಮ್ ಒಪ್ಪಲಿಲ್ಲ. "ಊರಿನ ಬೆಟ್ಟ ಬೇಡ ಅಕ್ಕ. ಊರಿಂದ ಆಚೆದು ಬೇಕು." ಹಾಗಾದರೆ ಮುಳಬಾಗಿಲಿನ ಹತ್ತಿರದ ಆವಣಿ ಬೆಟ್ಟ ಎಂದೆ. ಸಮುದ್ರವೆಂದರೆ ಮದ್ರಾಸು, ಇನ್ನೂರೈವತ್ತು ಕಿಲೋಮೀಟರಿಗೂ ಮೇಲೆ. ಬೆಳಗಿನ ಜಾವ ಹೊರಟರೂ ಕತ್ತಲಿಗೆ ಮುಂಚೆ ಮನೆ ಸೇರುವುದು ಕಷ್ಟ. ಅದನ್ನು ಹಗಲು ಉದ್ದವಾಗುವ ತಿಂಗಳಿಗೆ ಇಟ್ಟೆವು. ಮರಳುಗಾಡಿಗೆ ಮಾತ್ರ ನಕ್ಷೆಯಲ್ಲಿ ಉತ್ತರವಿರಲಿಲ್ಲ. ಅದನ್ನು ಒದಗಿಸಿದವರು ರವಣಪ್ಪ. "ಬೈರಕೂರಿಂದ ಒಳಗೆ ಒಂದು ಜಾಗ ಐತೆ ಟೀಚರಮ್ಮ. ಮಣ್ಣು ತೊಳ್ದು ಮರಳು ಮಾಡ್ತಿದ್ರಲ್ಲ, ಆ ಜಾಗ. ಈಗ ಯಾರೂ ಹೋಗಲ್ಲ. ಮರಳುಗಾಡು ಬೇಕಾದ್ರೆ ಅದೇ." ಬೆಟ್ಟವೂ ಮರಳೂ ಒಂದೇ ದಿಕ್ಕಿಗಿದ್ದುದರಿಂದ ಎರಡನ್ನೂ ಒಂದೇ ಭಾನುವಾರಕ್ಕೆ ಸೇರಿಸಿದೆವು.

ಹೆದ್ದಾರಿಗೆ ಬಂದು ಹತ್ತು ಕಿಲೋಮೀಟರ್ ಆಗಿರಬಹುದು. ಮುಂದಿನ ಸೀಟಿನಲ್ಲಿದ್ದ ಶಮೀಮ್ ಮುಂದಕ್ಕೆ ಬಾಗಿ, "ಅಣ್ಣ, ನಿಧಾನ. ದಿಬ್ಬಣ ಹೋಗಲಿ" ಎಂದಳು.

ರವಣಪ್ಪ ಬ್ರೇಕ್ ಒತ್ತಿದರು. ಹಿಂದಿನಿಂದ ಬಂದ ಲಾರಿ ಹಾರನ್ ಹೊಡೆದು ಪಕ್ಕಕ್ಕೆ ಹಾದುಹೋಯಿತು. ನಮ್ಮೆದುರು ಬಿಳಿ ಮಂಜು, ಅದರಡಿ ಹತ್ತು ಮಾರು ಕಪ್ಪು ಟಾರು. ಇನ್ನೇನೂ ಇರಲಿಲ್ಲ.

"ಎಲ್ಲಮ್ಮ ದಿಬ್ಬಣ?" ರವಣಪ್ಪ ಕೇಳಿದರು.

ಶಮೀಮ್ ಸ್ವಲ್ಪ ಹೊತ್ತು ರಸ್ತೆ ನೋಡಿದಳು. ಅವಳ ತಲೆ ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿತು, ರಸ್ತೆ ದಾಟುವ ಜನರನ್ನು ನೋಡುವಾಗ ತಿರುಗುವ ಹಾಗೆ. ಆಮೇಲೆ "ಮಂಜು ಅಣ್ಣ. ಹೋಗಿ" ಎಂದಳು. ನಾನೂ ಮಂಜೇ ಎಂದುಕೊಂಡೆ.

ಆವಣಿ ತಲುಪಿದಾಗ ಏಳೂಕಾಲು. ಬೆಟ್ಟದ ಬುಡದಲ್ಲಿ ಒಬ್ಬ ಹೆಂಗಸು ಮಜ್ಜಿಗೆ ಬಿಂದಿಗೆಗಳನ್ನು ಜೋಡಿಸುತ್ತಿದ್ದರು. "ಈ ಚಳೀಲಿ ಯಾರೂ ಹತ್ತಿಲ್ಲಮ್ಮ, ನೀವೇ ಮೊದಲು" ಎಂದರು. ರವಣಪ್ಪ ವ್ಯಾನಿನಲ್ಲೇ ಉಳಿದರು. ಶಮೀಮ್ ನನ್ನ ಎಡಗೈ ಹಿಡಿದುಕೊಂಡಳು. ನಾನು ಒಂದೊಂದು ಮೆಟ್ಟಿಲಿಗೂ "ಎತ್ತರ", "ತಗ್ಗು", "ಅಗಲ" ಎಂದು ಹೇಳುತ್ತಾ ಹೋದೆ. ಮೆಟ್ಟಿಲು ಮುಗಿದ ಕಡೆ ಬರಿಯ ಬಂಡೆ. ಅಲ್ಲಿ ಕೂತು, ಕೈಯೂರಿ, ತೆವಳುತ್ತಾ ಹತ್ತಿದೆವು. ಮಂಜು ಕೆಳಗೇ ಉಳಿದು ನಾವು ಮೇಲೆ ಬಿಸಿಲಿಗೆ ಬಂದಾಗ ಶಮೀಮ್ ಮಕ್ಕಳ ಹಾಗೆ ನಕ್ಕಳು. ಸುತ್ತಲಿನ ಬೆಟ್ಟದ ತುದಿಗಳು ಮಾತ್ರ ಬಿಳಿಯ ಮೇಲೆ ಎದ್ದಿದ್ದವು. ಒಂದೊಂದನ್ನೂ ಅವಳ ಕೊಳವೆಯೊಳಗೆ ತರಲು ನಾನು ಅವಳ ಗಲ್ಲ ಹಿಡಿದು ಮುಖ ತಿರುಗಿಸಬೇಕಾಯಿತು.

ಒಂದು ಕಡೆ ಎರಡು ಬಂಡೆಗಳ ನಡುವೆ ಒಬ್ಬರು ನುಸುಳುವಷ್ಟು ದಾರಿ. ನಾನು ಮುಂದೆ ದಾಟಿದೆ. ಶಮೀಮ್ ದಾಟಲಿಲ್ಲ. ಬಂಡೆಗೆ ಬೆನ್ನು ಒತ್ತಿ, ಹೊಟ್ಟೆ ಒಳಗೆಳೆದುಕೊಂಡು, ನಿಂತೇ ಇದ್ದಳು.

"ಬಾ" ಎಂದೆ.

"ಅವರು ಇಳಿದುಹೋಗಲಿ ಅಕ್ಕ."

"ಯಾರು?"

ಅವಳ ಕಣ್ಣು ಏನನ್ನೋ ಹಿಂಬಾಲಿಸಿ ಕೆಳಗೆ ಹೋಯಿತು. ಒಬ್ಬರಾದ ಮೇಲೆ ಒಬ್ಬರು, ಎಂಟೋ ಹತ್ತೋ ಜನ ದಾಟುವಷ್ಟು ಹೊತ್ತು. ಕೊನೆಗೆ ದುಪ್ಪಟ ಸರಿಮಾಡಿಕೊಂಡು ದಾಟಿ ಬಂದಳು. ನನ್ನ ಕೈ ಹಿಡಿದ ಅವಳ ಅಂಗೈ ಬೆವರಿತ್ತು. ನಾನು ಮತ್ತೆ ಕೇಳಲಿಲ್ಲ. ಬೆಟ್ಟದ ಮೇಲೆ ನಾವಿಬ್ಬರೇ, ಇಳಿಯುವುದು ಇನ್ನೂ ಬಾಕಿ. ಕೇಳಿದರೆ ಏನು ಹೇಳಿಬಿಡುತ್ತಾಳೋ ಎಂಬ ಹೆದರಿಕೆಯೂ ಇತ್ತು. ಇಳಿಯುವಾಗ ಆ ಸಂದಿಯಲ್ಲಿ ನಾನು ಯಾರಿಗೂ ತಾಗದ ಹಾಗೆ ಓರೆಯಾಗಿ ನಡೆದೆ. ಅದು ನನಗೆ ಅರಿವಾದದ್ದು ದಾಟಿದ ಮೇಲೆ.

ಮುಳಬಾಗಿಲಿನಲ್ಲಿ ದೋಸೆ ತಿಂದೆವು. ದಪ್ಪಗೆ, ಮೆತ್ತಗೆ, ಅಂಚು ಮಾತ್ರ ಗರಿಗರಿಯಾದ ಮುಳಬಾಗಿಲ ದೋಸೆ. ಶಮೀಮ್ ಎರಡು ತಿಂದಳು, ರವಣಪ್ಪ ನಾಲ್ಕು. ಹೋಟೆಲಿನವರು ಒಬ್ಬೊಬ್ಬರೇ ಬಂದು ಚಟ್ನಿ ಬಡಿಸಿ ಹೋಗುತ್ತಿದ್ದರು. ನಾನು ನೋಡುತ್ತಿದ್ದೆ. ಶಮೀಮ್ ಯಾರನ್ನಾದರೂ ನೋಡುವ ಮೊದಲು ನನ್ನ ಮುಖ ನೋಡುತ್ತಿದ್ದಳು. ನಾನು ಅವರೊಡನೆ ಮಾತಾಡಿದರೆ ಅವಳೂ ಮಾತಾಡುತ್ತಿದ್ದಳು. ಇಲ್ಲವಾದರೆ ತಟ್ಟೆಯ ಕಡೆ ತಲೆ ಬಗ್ಗಿಸುತ್ತಿದ್ದಳು.

ಬೈರಕೂರಿನ ದಾರಿಯಲ್ಲಿ ಬಿಸಿಲು ಚುರುಕಾಯಿತು. ಎರಡೂ ಕಡೆ ಮಾವಿನ ತೋಪು, ಹೂ ಕಟ್ಟಿದ ಮರಗಳು, ಆಮೇಲೆ ಟೊಮೇಟೊ ಹೊಲ. ಬೈರಕೂರು ದಾಟಿ ಐದಾರು ಕಿಲೋಮೀಟರ್ ಹೋಗಿ ಎಡಕ್ಕೆ ಮಣ್ಣಿನ ದಾರಿ ಹಿಡಿದೆವು. ಆ ಊರಿನ ಹೆಸರು ಬರೆಯುತ್ತಿಲ್ಲ, ಅಲ್ಲಿಯವರು ಬೇಡವೆಂದರು. ಊರು ಮುಗಿದು ಅರ್ಧ ಕಿಲೋಮೀಟರಿಗೆ ದಾರಿಯೂ ಮುಗಿಯಿತು. ವ್ಯಾನು ನಿಲ್ಲಿಸಿ ಇಳಿದೆವು. ಎದುರಿಗೆ ನೆಲವೇ ಇರಲಿಲ್ಲ.

ಒಂದು ಕಾಲದಲ್ಲಿ ಅದು ಹೊಲ. ಮಣ್ಣು ಅಗೆದು, ನೀರಿನಲ್ಲಿ ತೊಳೆದು, ಮರಳು ಬೇರೆ ಮಾಡಿ ಲಾರಿಗೆ ತುಂಬಿದ್ದರು. ಎಕರೆಗಟ್ಟಲೆ ಜಾಗ ಎರಡಾಳು ಆಳಕ್ಕೆ ಇಳಿದುಹೋಗಿತ್ತು. ತಳದಲ್ಲಿ ಬಿಳಿ ಮರಳು, ತೊಳೆದು ಬಿಟ್ಟ ಕೆಸರು ಒಣಗಿ ಆದ ಹಾಳೆ ಹಾಳೆ ಹಕ್ಕಳೆ, ದಿನ್ನೆಗಳು. ಹುಲ್ಲಿಲ್ಲ, ಹಕ್ಕಿಯಿಲ್ಲ. ಅಗೆಯುವವರು ಬಿಟ್ಟುಹೋದದ್ದು ಮಾತ್ರ ಅಲ್ಲಲ್ಲಿ ನಿಂತಿತ್ತು. ಒಂದು ಹಳೆಯ ಬಾವಿ, ಸುತ್ತಲಿನ ಮಣ್ಣು ಹೋಗಿ, ಅದರ ಕಲ್ಲುಕಟ್ಟಡ ಗೋಪುರದ ಹಾಗೆ ಮೇಲಕ್ಕೆ ಎದ್ದಿತ್ತು. ಬಾವಿಯನ್ನು ತಲೆಯೆತ್ತಿ ನೋಡಬೇಕಾಗಿ ಬಂದದ್ದು ನನಗೆ ಅದೇ ಮೊದಲು. ಅದರಾಚೆ ಒಂದು ಹುಣಸೆಮರ. ಮರದ ಸುತ್ತ ಮಂಚದಷ್ಟಗಲ ಮಣ್ಣು ಉಳಿಸಿ ಉಳಿದದ್ದನ್ನೆಲ್ಲ ಕಡಿದಿದ್ದರು. ಆ ಮಣ್ಣಿನ ಕಂಬದ ಮೇಲೆ ಮರ ನಿಂತಿತ್ತು. ಬೇರುಗಳು ಅಂಚಿನಿಂದ ಹೊರಬಂದು ಗಾಳಿಯಲ್ಲಿ ಇಳಿಬಿದ್ದಿದ್ದವು.

ಲಾರಿ ಇಳಿಯುತ್ತಿದ್ದ ಇಳಿಜಾರಿನಲ್ಲಿ ನಾವು ತಳಕ್ಕೆ ಇಳಿದೆವು. ಶಮೀಮ್ ಚಪ್ಪಲಿ ಬಿಚ್ಚಿ ಮರಳಿನಲ್ಲಿ ಕಾಲಿಟ್ಟಳು. ಮೇಲೆ ಬಿಸಿ, ಎರಡು ಬೆರಳು ಕೆಳಗೆ ತಣ್ಣಗೆ. ನಾವು ಮಾತಾಡಿದರೆ ಮಾತು ಒಂದು ಕ್ಷಣ ತಡವಾಗಿ ಎದುರು ಗೋಡೆಯಿಂದ ವಾಪಸು ಬರುತ್ತಿತ್ತು. ರವಣಪ್ಪ ಅದಕ್ಕೇ ಮಾತು ನಿಲ್ಲಿಸಿಬಿಟ್ಟರು.

ಹುಣಸೆಮರದ ಮೇಲಿಂದ ಕೋಲಿನ ಶಬ್ದ ಕೇಳಿತು. ಕಾಯಿಗಳು ಉದುರಿದವು. ಮರದ ಬುಡದಲ್ಲಿ, ನಮ್ಮ ತಲೆಯಿಂದ ಬಹಳ ಮೇಲೆ, ಒಬ್ಬ ಗಂಡಸು ನಿಂತಿದ್ದ. ದಂಡೆಯಿಂದ ಆ ಮಣ್ಣಿನ ಕಂಬಕ್ಕೆ ಒಂದು ಬಿದಿರು ಏಣಿಯನ್ನು ಅಡ್ಡ ಹಾಸಿ ದಾಟಿ ಹೋಗಿದ್ದ.

"ಯಾವೂರಮ್ಮ?"

"ಕೋಲಾರ. ಸುಮ್ನೆ ನೋಡೋಕೆ ಬಂದ್ವಿ" ಎಂದೆ.

"ಇಲ್ಲಿ ಏನೈತೆ ನೋಡಕೆ?" ಆತ ನಕ್ಕ. ಹೆಸರು ಮುನಿವೆಂಕಟಪ್ಪ, ಐವತ್ತೈದರ ಆಸುಪಾಸು. ಮರ ಅವನದು, ಹೊಲವೂ ಅವನದಾಗಿತ್ತು. ವರ್ಷಕ್ಕೊಮ್ಮೆ ಹುಣಸೆ ಉದುರಿಸಲು ಬರುತ್ತಾನೆ.

ಶಮೀಮ್ ಅವನ ಮಾತು ಕೇಳುತ್ತಿರಲಿಲ್ಲ. ಅವಳು ದಂಡೆಗೂ ಮರಕ್ಕೂ ನಡುವಿನ ಬಯಲು ಗಾಳಿಯನ್ನು ನೋಡುತ್ತಿದ್ದಳು. ನನ್ನ ತೋಳು ಹಿಡಿದುಕೊಂಡು ಮೆಲ್ಲಗೆ ಹೇಳಿದಳು. "ಅಕ್ಕ, ಇವರು ಮೇಲೆ ನಡೀತಿದ್ದಾರೆ. ಕಾಲ ಕೆಳಗೆ ಏನೂ ಇಲ್ಲ."

ಮೆಲ್ಲಗೆ ಹೇಳಿದ್ದನ್ನೂ ಗೋಡೆ ದೊಡ್ಡದಾಗಿ ಹೇಳಿತು. ಮುನಿವೆಂಕಟಪ್ಪ ಕೋಲು ನಿಲ್ಲಿಸಿದ. "ಯಾರು ನಡೀತಾರೆ?"

ಶಮೀಮ್ ನನ್ನನ್ನು ನೋಡಿದಳು. ಆಮೇಲೆ ಅವಳೇ ಹೇಳಿದಳು. "ಹೆಂಗಸ್ರು ಅಣ್ಣ. ಸಾಲಾಗಿ. ತಲೆ ಮೇಲೆ ಹೊರೆ."

"ಎಲ್ಲಿ?"

ಅವಳು ಕೈಯೆತ್ತಿ ತೋರಿಸಿದಳು. ಆತ ಆ ಜಾಗವನ್ನು ನೋಡಿದ. ಆಮೇಲೆ ತನ್ನ ಕಾಲ ಬಳಿಯ ಮಣ್ಣನ್ನು ನೋಡಿದ, ಮತ್ತೆ ಆ ಜಾಗವನ್ನು ನೋಡಿದ. ಎರಡೂ ಒಂದೇ ಮಟ್ಟ. "ಅದು ನಮ್ಮ ರಾಗಿ ಹೊಲ" ಎಂದ. "ನೆಲ ಅಲ್ಲೇ ಇತ್ತು, ಆ ಎತ್ರಕ್ಕೆ. ನೀವು ನಿಂತಿರೋದು ನೆಲದೊಳಗೆ."

ರವಣಪ್ಪ ತೆಲುಗಿನಲ್ಲಿ ಏನೋ ಗೊಣಗಿ ನನ್ನ ಹತ್ತಿರಕ್ಕೆ ಸರಿದರು.

ಮುನಿವೆಂಕಟಪ್ಪನ ದನಿ ಬದಲಾಗಿತ್ತು. "ಅಮ್ಮ, ಚೆನ್ನಾಗಿ ನೋಡು. ಅವರಲ್ಲಿ ಎಡಚಿ ಯಾರಾದ್ರೂ ಇದ್ದಾಳಾ? ಕುಡುಗೋಲು ಎಡಗೈಲಿ ಹಿಡಿದೋಳು? ನಮ್ಮೋಳು ರತ್ನಮ್ಮ. ಕುರಿ ಹುಡುಕ್ಕೊಂಡು ಈ ಗುಂಡಿಗೆ ಇಳಿದ್ಲು, ಆ ಕಡೆ ಗೋಡೆ ಅವಳ ಮೇಲೆ ಬಿತ್ತು. ಆರು ವರ್ಷ ಆಯ್ತು."

ಶಮೀಮ್ ನೋಡಿದಳು. ಅಷ್ಟು ಹೊತ್ತು ಅವಳು ರೆಪ್ಪೆ ಮಿಟುಕಿಸಲಿಲ್ಲ. ಬಿಸಿಲಿಗೆ ಅವಳ ಕಣ್ಣಲ್ಲಿ ನೀರು ತುಂಬಿ ಇಳಿಯಿತು. ಆತ ಮರದ ಬುಡ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. "ಯಾವ ಕಡೆ ಬರ್ತಿದ್ದಾರೆ? ನನ್ನ ಕಡೆಗಾ?" ಇನ್ನೊಂದು ಹೆಜ್ಜೆ. ಅಂಚಿನ ಮಣ್ಣಿನ ಹೆಂಟೆಯೊಂದು ಕಿತ್ತು ನನ್ನ ಪಕ್ಕದಲ್ಲಿ ಬಿದ್ದು ಪುಡಿಯಾಯಿತು. ನಾನು "ಅಣ್ಣ, ನಿಂತ್ಕೊಳ್ಳಿ" ಎಂದೆ. ಆತನಿಗೆ ಕೇಳಿಸಲಿಲ್ಲ. ಅವನ ಕೈ ಮುಂದಕ್ಕೆ ಚಾಚಿತ್ತು, ಯಾರದೋ ಹೊರೆ ಇಳಿಸಲು ಹಿಡಿಯುವ ಹಾಗೆ. ಕಾಲಬೆರಳುಗಳು ಅಂಚಿನಾಚೆ ಬಂದಿದ್ದವು.

"ಯಾರೂ ಇಲ್ಲ ಅಣ್ಣ" ಎಂದಳು ಶಮೀಮ್, ಗಟ್ಟಿಯಾಗಿ. "ಎಡಗೈಯವಳು ಯಾರೂ ಇಲ್ಲ. ಎಲ್ಲಾ ಹೊರಟುಹೋದ್ರು. ಹಿಂದಕ್ಕೆ ಹೋಗಿ ಮರ ಹಿಡ್ಕೊಳ್ಳಿ."

ಆತ ಅಲ್ಲೇ ನಿಂತ. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಹಿಂದೆ ಸರಿದು, ಕಾಂಡಕ್ಕೆ ಒರಗಿ ಕುಕ್ಕರಗಾಲಿನಲ್ಲಿ ಕೂತ. ರವಣಪ್ಪ ದಂಡೆ ಹತ್ತಿ ಏಣಿಯ ತುದಿ ಅದುಮಿ ಹಿಡಿದರು. ಆತ ಹುಣಸೆ ಮೂಟೆ ಹೊತ್ತು ದಾಟಿ ಬಂದ. ನಾವೂ ಮೇಲೆ ಹತ್ತಿ ಬಂದಾಗ ಆತ ಶಮೀಮಳನ್ನು ಹತ್ತಿರದಿಂದ ನೋಡಿ, "ನಿನಗೆ ಕಣ್ಣು ಕಾಣಲ್ವಾ ತಾಯಿ?" ಎಂದು ಕೇಳಿದ. "ಅರ್ಧ" ಎಂದಳು. ಆತ ಒಂದು ಬೊಗಸೆ ಹುಣಸೆಕಾಯಿ ಅವಳ ದುಪ್ಪಟದೊಳಗೆ ಸುರಿದು ಊರಿನ ಕಡೆ ನಡೆದುಬಿಟ್ಟ.

ವ್ಯಾನಿನಲ್ಲಿ ಈ ಸಲ ಶಮೀಮ್ ಹಿಂದೆ, ನನ್ನ ಪಕ್ಕದಲ್ಲಿ ಕೂತಿದ್ದಳು. ನಂಗಲಿಯ ಕಡೆಗೆ ತಿರುಗಿದ ಮೇಲೆ ಅವಳಾಗಿ ಹೇಳಿದಳು. ಎಂಟು ತಿಂಗಳಿಂದ ಅವಳಿಗೆ ಜನ ಕಾಣುತ್ತಿದ್ದರು. ಮೊದಲು ಮಿಷನ್ನಿನ ಪಕ್ಕ ಒಬ್ಬಳು, ಆಮೇಲೆ ಬೀದಿ ತುಂಬ. ಅವರು ಮಾತಾಡುವುದಿಲ್ಲ, ಅವಳತ್ತ ತಿರುಗುವುದೂ ಇಲ್ಲ. "ನಿಮ್ಮ ಮುಖ ನನಗೆ ಮಸುಕು ಅಕ್ಕ. ಅವರ ಸೆರಗಿನ ಎಳೆ ಎಣಿಸಬಹುದು. ಕೆಲವು ಕಸೂತಿ ನಾನೂ ಕಲಿತಿಲ್ಲ, ಅಂಥದ್ದು." ಅಣ್ಣನಿಗೆ ಹೇಳಿದರೆ ತಾಯಿತ ಕಟ್ಟಿಸಲು ಕರೆದೊಯ್ಯುತ್ತಾನೆ, ಗಿರಾಕಿಗಳಿಗೆ ತಿಳಿದರೆ ಯಾರೂ ಬಟ್ಟೆ ಕೊಡುವುದಿಲ್ಲ. ಅದಕ್ಕೇ ಯಾರಿಗೂ ಹೇಳಿರಲಿಲ್ಲ.

"ಅದಕ್ಕೇ ಬೆಟ್ಟ, ಮರಳು, ಸಮುದ್ರ ಅಂದೆ. ಅವರು ಕೋಲಾರದವರೋ, ನನ್ನ ತಲೆಯವರೋ ಗೊತ್ತಾಗಬೇಕಿತ್ತು. ಊರಿನವರಾದ್ರೆ ಊರಲ್ಲೇ ಉಳೀತಾರೆ. ಎಲ್ಲಾ ಕಡೆ ಬಂದ್ರೆ ನನಗೆ ಹುಚ್ಚು."

"ಬೆಟ್ಟಕ್ಕೂ ಬಂದ್ರು, ಮರಳಿಗೂ ಬಂದ್ರು" ಎಂದೆ. ಹೇಳಬಾರದಿತ್ತು ಎಂದು ಆಮೇಲೆ ಅನ್ನಿಸಿತು.

ಅವಳು ತಲೆಯಾಡಿಸಿದಳು. "ಆ ಅಣ್ಣನಿಗೆ ಸುಳ್ಳು ಹೇಳಿದೆ ಅಕ್ಕ. ಒಬ್ಬಳ ಕೈಲಿ ಕುಡುಗೋಲು ಇತ್ತು. ಬಲಗೈಲಿತ್ತು. ಅವನು ಎಡಚಿ ಅಂದ. ಅಂದ ತಕ್ಷಣ ಕುಡುಗೋಲು ಎಡಗೈಗೆ ಬಂತು. ನಾನು ನೋಡ್ತಾ ಇರೋ ಹಾಗೇ."

ಕನ್ನಡಿಯಲ್ಲಿ ರವಣಪ್ಪನ ಕಣ್ಣು ನಮ್ಮ ಮೇಲಿತ್ತು. ಆದರೆ ಶಮೀಮಳ ಮುಖದಲ್ಲಿ ಬೆಳಗಿನ ಹೆದರಿಕೆ ಇರಲಿಲ್ಲ. "ಮಾತು ಕೇಳ್ತಾರೆ ಅಂದ್ರೆ ಹೊರಗಿನವರಲ್ಲ ಅಲ್ವಾ ಅಕ್ಕ? ನನ್ನೊಳಗಿನವರು. ನಾನು ಹೇಳಿದ ಹಾಗೆ ಇರ್ತಾರೆ."

ಓದುವವರು ಕಾಯುವುದು ಬೇಡವೆಂದು, ಮುಂದಿನ ವಾರ ನಡೆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೋಲಾರದಲ್ಲೇ ಒಬ್ಬ ಕಣ್ಣಿನ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆವು. ಅವರು ನಗಲಿಲ್ಲ, ಬೆಚ್ಚಲೂ ಇಲ್ಲ. ಕಣ್ಣು ಕಳಿಸುವ ಚಿತ್ರ ಕಡಿಮೆಯಾದಾಗ ಕೆಲವರ ಮಿದುಳು ಖಾಲಿ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ, ಇದು ಹುಚ್ಚಲ್ಲ, ದೆವ್ವವೂ ಅಲ್ಲ, ಹೇಳಿಕೊಳ್ಳಲು ಹೆದರಿ ಬಹಳ ಜನ ಬಾಯಿ ಬಿಡುವುದಿಲ್ಲ ಎಂದರು. "ಹೋಗ್ತಾರಾ?" ಎಂದು ಶಮೀಮ್ ಕೇಳಿದಳು. ಕೆಲವರಿಗೆ ಹೋಗುತ್ತಾರೆ, ಕೆಲವರಿಗೆ ಇದ್ದುಬಿಡುತ್ತಾರೆ ಎಂದರು. ಅವಳ ಅಣ್ಣನನ್ನು ಕರೆಸಿ ಅವರೇ ತಿಳಿಸಿ ಹೇಳಿದರು. ಈಗ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಆ ಭಾನುವಾರ ನಮಗೆ ಇದೊಂದೂ ಗೊತ್ತಿರಲಿಲ್ಲ.

ನಂಗಲಿ ತಲುಪಿದಾಗ ನಾಲ್ಕು ಗಂಟೆ. ಆಂಧ್ರದ ಗಡಿ ಹತ್ತಿರ, ರಸ್ತೆಯುದ್ದಕ್ಕೂ ಲಾರಿಗಳು. ಒಂದು ಹೋಟೆಲಿನ ಹಿಂಬದಿ, ಬೇವಿನ ಮರದ ಕೆಳಗೆ ಬೆಂಚಿತ್ತು. ಅಲ್ಲಿ ಕೂತು ಮೆಣಸಿನಕಾಯಿ ಬಜ್ಜಿ ತಿಂದು ಟೀ ಕುಡಿದೆವು. ಟೀ ಹದಿನೈದು ರೂಪಾಯಿ, ಸಕ್ಕರೆ ಜಾಸ್ತಿ. ಬೆಂಚಿನ ಎದುರು ಕೊಯ್ದು ಮುಗಿದ ರಾಗಿ ಹೊಲ, ಬರೀ ಕೂಳೆ, ದೂರದ ಗುಡ್ಡಗಳ ತನಕ ಸಮತಟ್ಟು. ಒಬ್ಬ ಲಾರಿ ಡ್ರೈವರ್ ಆಗಷ್ಟೇ ಎದ್ದು ಹೊಲದ ಬದುವಿನ ಮೇಲೆ ನಿಂತು ಮುಖ ತೊಳೆಯುತ್ತಿದ್ದ.

"ಸಮುದ್ರ ಈ ರಸ್ತೇಲಿ ನೇರಕ್ಕೆ ಅಲ್ವಾ ಅಕ್ಕ?" ಶಮೀಮ್ ಕೇಳಿದಳು.

"ಹೂಂ. ಇನ್ನೂ ನಾಲ್ಕೈದು ತಾಸು."

"ಬೇಸಿಗೆ ಹೊತ್ತಿಗೆ ನನ್ನ ಕಣ್ಣು ಎಷ್ಟಿರ್ತದೋ. ಇಲ್ಲೇ ತೋರಿಸಿ."

ನನಗೆ ಅರ್ಥವಾಗಲಿಲ್ಲ.

"ಆ ಅಣ್ಣ ಒಂದು ಮಾತು ಹೇಳಿದ್ದಕ್ಕೆ ಕುಡುಗೋಲು ಕೈ ಬದಲಾಯಿಸ್ತು. ನೀವು ಸಮುದ್ರ ನೋಡಿದ್ದೀರಿ. ಹೇಳಿ. ನಿಧಾನವಾಗಿ ಹೇಳಿ."

ಬಿ.ಎಡ್. ಓದುವಾಗ ಒಮ್ಮೆ, ಎರಡು ದಿನ, ನಾನು ಸಮುದ್ರ ನೋಡಿದ್ದೆ. "ಸಮುದ್ರದ ನೀರಿನಲ್ಲಿ ಲವಣಾಂಶ ಇರುತ್ತೆ" ಎಂದು ಶುರುಮಾಡಿದೆ. "ಪಾಠ ಬೇಡ ಅಕ್ಕ" ಎಂದಳು. ರವಣಪ್ಪ ನಕ್ಕರು. ಆ ದಿನ ಅವರು ನಕ್ಕದ್ದು ಅದೊಂದೇ ಸಲ.

ನಾನು ಕಣ್ಣು ಮುಚ್ಚಿ ಹೇಳತೊಡಗಿದೆ. ಅದು ನೀಲಿ ಅಲ್ಲ, ಹತ್ತಿರ ಬೂದಿ ಬಣ್ಣ, ದೂರ ಹೋದಷ್ಟೂ ಕಪ್ಪು. ಆಚೆ ದಡ ಇಲ್ಲ. ಕೆರೆಯ ನೀರಿನ ಹಾಗೆ ಸುಮ್ಮನಿರುವುದಿಲ್ಲ. ದೂರದಲ್ಲಿ ಒಂದು ಮಡಿಕೆ ಏಳುತ್ತದೆ, ಬಟ್ಟೆಯ ಥಾನು ಬಿಚ್ಚಿ ಕೊಡವಿದ ಹಾಗೆ, ಅದು ನಮ್ಮ ಕಡೆಗೇ ಬರುತ್ತದೆ.

"ಬಂತು" ಎಂದಳು ಶಮೀಮ್.

ಕಣ್ಣು ಬಿಟ್ಟೆ. ಎದುರಿಗೆ ಕೂಳೆ ಹೊಲ, ಬಿಸಿಲು. ಅವಳು ಬೆಂಚಿನಿಂದ ಎದ್ದು ನಿಂತಿದ್ದಳು. ಅಷ್ಟು ಸಂತೋಷದ ಮುಖವನ್ನು ನಾನು ಅವಳಲ್ಲಿ ಕಂಡಿರಲಿಲ್ಲ. "ಮಡಿಕೆ ಮುರಿದ ಕಡೆ ಬಿಳಿ ಅಂಚು ಅಕ್ಕ. ಜರಿ ಹಾಗೆ, ಎಳೆ ಎಳೆ. ಅಂಚು ಹಿಂದಕ್ಕೆ ಹೋಗುವಾಗ ಮರಳಿನ ಮೇಲೆ ಸಣ್ಣ ಸಣ್ಣ ತೂತು ಬೀಳ್ತಾವೆ, ಅದರಿಂದ ಗುಳ್ಳೆ ಬರ್ತಾವೆ."

ಬಿಳಿ ಅಂಚನ್ನು ನಾನು ಹೇಳಿರಲಿಲ್ಲ. ಆ ಗುಳ್ಳೆಗಳನ್ನು ನಾನು ಇಪ್ಪತ್ತೈದು ವರ್ಷದಿಂದ ಮರೆತೇಬಿಟ್ಟಿದ್ದೆ. ಅವಳು ಹೇಳಿದ ಮೇಲೆ ನನಗೂ ನೆನಪಾಯಿತು.

ಅವಳು ಹತ್ತು ನಿಮಿಷ ನೋಡಿದಳು. ಒಮ್ಮೆ ಸಲ್ವಾರಿನ ತುದಿ ಎತ್ತಿ ಹಿಡಿದು ಎರಡು ಹೆಜ್ಜೆ ಹಿಂದೆ ಬಂದಳು. ಆಮೇಲೆ, "ಆ ಅಣ್ಣನಿಗೆ ಈ ಕಡೆ ಬರೋಕೆ ಹೇಳಿ. ನೀರು ಅವನ ಮೊಣಕಾಲಿಗೆ ಬಂದಿದೆ" ಎಂದಳು. ಲಾರಿ ಡ್ರೈವರ್ ತಲೆ ಒರೆಸಿಕೊಳ್ಳುತ್ತಾ ನಮ್ಮನ್ನೇ ನೋಡುತ್ತಿದ್ದ.

"ಸಾಕು ಶಮೀಮ್, ಹೊರಡೋಣ. ಹೊತ್ತು ಇಳೀತಿದೆ."

"ಹೂಂ ಅಕ್ಕ. ನಿಲ್ಲಿಸಿ."

"ಅಲೆ ಹಿಂದಕ್ಕೆ ಹೋಯ್ತು" ಎಂದೆ, ಹಿಂದಿನಷ್ಟೇ ನಿಧಾನವಾಗಿ. "ನೀರು ಇಳೀತು. ದೂರ ಹೋಯ್ತು. ಈಗ ಬರೀ ಹೊಲ."

ಅವಳು ಕಾದಳು. ಅವಳ ಮುಖ ನೋಡುತ್ತಾ ನಾನೂ ಕಾದೆ.

"ಇಲ್ಲ ಅಕ್ಕ" ಎಂದಳು. "ಬರ್ತಾನೇ ಇದೆ."

ಇನ್ನೊಮ್ಮೆ ಹೇಳಿದೆ. ಬೇರೆ ಮಾತಿನಲ್ಲಿ ಹೇಳಿದೆ. ರವಣಪ್ಪ ಕೂಡ ಒಮ್ಮೆ, "ಏಮೀ ಲೇದಮ್ಮಾ, ಏನೂ ಇಲ್ಲ, ಎಲ್ಲಾ ಒಣಗೋಯ್ತು" ಎಂದರು. ಅವಳು ನಮ್ಮಿಬ್ಬರ ಮೇಲೂ ಕನಿಕರ ಬಂದವಳ ಹಾಗೆ ಸಣ್ಣಗೆ ನಕ್ಕು, ಕೈ ಚಾಚಿದಳು. ನಾನು ಹಿಡಿದು ವ್ಯಾನಿಗೆ ಹತ್ತಿಸಿದೆ. ಅವಳು ಪ್ರತಿ ಹೆಜ್ಜೆಯನ್ನೂ ಎತ್ತಿ ಎತ್ತಿ ಇಟ್ಟಳು, ನೀರಿನಲ್ಲಿ ನಡೆಯುವವರ ಹಾಗೆ.

ನಂಗಲಿ ಬಿಟ್ಟಾಗ ಐದು ದಾಟಿತ್ತು. ಸೂರ್ಯ ನೇರ ಎದುರಿಗೆ. ಸ್ವಲ್ಪ ದೂರ ಹೋದ ಮೇಲೆ ತಡೆಯಲಾರದೆ ಕೇಳಿದೆ. "ರಸ್ತೆ ಮೇಲೂ ಇದೆಯಾ?"

"ಅರ್ಧ ಚಕ್ರಕ್ಕೆ. ಹೆದರಬೇಡಿ ಅಕ್ಕ, ತಿಳಿಯಾದ ನೀರು. ತಳ ಕಾಣ್ತದೆ."

ರವಣಪ್ಪ ತಮ್ಮ ಕಡೆಯ ಗಾಜು ಏರಿಸಿಕೊಂಡರು. ಮುಳಬಾಗಿಲಿನ ಬಂಡೆಬೆಟ್ಟಗಳು ಬಂದಾಗ ನನ್ನೊಳಗೆ ಒಂದು ಆಸೆ ಇತ್ತು, ನೀರು ಇಲ್ಲಿಗೆ ನಿಲ್ಲಬಹುದು ಎಂದು. ಭೂಗೋಳದ ಪ್ರಕಾರ ನಾವು ಮೇಲಕ್ಕೇ ಬರುತ್ತಿದ್ದೆವು, ನೀರು ಮೇಲಕ್ಕೆ ಹರಿಯುವುದಿಲ್ಲ. ಅದನ್ನು ಅವಳಿಗೆ ಹೇಳಲಿಲ್ಲ. ನನಗೇ ಒಂದು ಸಲ ಹೇಳಿಕೊಂಡೆ.

ಟೋಲ್ ದಾಟಿದ ಮೇಲೆ ಬೆಳಕು ಹೋಯಿತು. ಶಮೀಮ್ ನನ್ನ ಭುಜಕ್ಕೆ ತಲೆಯಿಟ್ಟಳು. "ಈಗ ನೀವೂ ಕಾಣಲ್ಲ, ಅಣ್ಣನೂ ಕಾಣಲ್ಲ ಅಕ್ಕ. ಅದೊಂದೇ ಕಾಣೋದು. ಎಷ್ಟು ಚೆನ್ನಾಗಿದೆ." ಸ್ವಲ್ಪ ಹೊತ್ತಿಗೆ ಅವಳಿಗೆ ನಿದ್ದೆ ಬಂತು. ಅವಳ ಉಸಿರು ಏರಿ ಇಳಿಯುವುದನ್ನು ಕೇಳುತ್ತಾ ಕೂತೆ. ಎದುರಿಗೆ ಕೋಲಾರದ ಬೆಟ್ಟಗಳ ಕಪ್ಪು ಅಂಚು, ಅದರ ಬುಡದಲ್ಲಿ ಊರಿನ ದೀಪಗಳು.

ಹಿಂದಿನ ಗಾಜಿನಿಂದ ಒಮ್ಮೆ ತಿರುಗಿ ನೋಡಿದೆ. ಕತ್ತಲ ರಸ್ತೆ, ದೂರದಲ್ಲಿ ಲಾರಿಗಳ ದೀಪ, ಅಷ್ಟೇ. ನೀರಿರಲಿಲ್ಲ. ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ಚಪ್ಪಲಿ ಬಿಟ್ಟು, ಎರಡೂ ಕಾಲುಗಳನ್ನು ವ್ಯಾನಿನ ನೆಲದಿಂದ ಎತ್ತಿ ಸೀಟಿನ ಮೇಲೆ ಮಡಚಿಟ್ಟುಕೊಂಡು ಕೂತೆ.